ಟಿ.ವಿ.ಯಲ್ಲಿ ಒಡೆಯದ ತಪ್ಪುಗಾಯಿ

ನಾನು ಬರೆದ ಮಾತಿಗೆ ನನ್ನ ಹೆಂಡತಿ ಮೊದಲ ಸಲ ಮನಸಾರೆ ನಕ್ಕದ್ದು ಅದನ್ನು ಬೇರೊಬ್ಬ ಟಿ.ವಿ.ಯಲ್ಲಿ ಹೇಳಿದಾಗ. ಬರೆದ ದಿನ ಅದೇ ಮಾತನ್ನು ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅವಳಿಗೆ ಓದಿ ಹೇಳಿದ್ದೆ. ಮೊರದಲ್ಲಿದ್ದ ಅಕ್ಕಿಯಿಂದ ತಲೆ ಎತ್ತದೆ "ಹ್ಞೂಂ, ಚಲೋ ಐತಿ" ಅಂದಿದ್ದಳು. ಈಗ ನೋಡಿದರೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಏನ್ ಮಾತಾಡ್ತಾನ್ರಿ ಇವ" ಎಂದು ನನ್ನನ್ನೇ ಕೇಳುತ್ತಿದ್ದಾಳೆ. "ಅದು ನಾ ಬರ್ದಿದ್ದು" ಅಂದೆ. "ಇರಬೌದು, ಸುಮ್ನಿರ್ರಿ, ಕೇಳವಲ್ದು" ಅಂದಳು.

ಟಿ.ವಿ.ಯಲ್ಲಿದ್ದವನು ನಮ್ಮೂರ ಹಿಟ್ಟಿನ ಗಿರಣಿಯವನು. ನಾನು ಅದೇ ಊರಿನ ಪ್ರಾಥಮಿಕ ಶಾಲೆಯ ಮೇಷ್ಟ್ರು. ಕೂಡ್ಲಿಗಿಗೂ ಕೊಟ್ಟೂರಿಗೂ ನಡುವೆ ನಮ್ಮೂರು. ಎರಡೂ ಕಡೆಯ ಬಸ್ಸಿನವರು ಅದು ಆ ಕಡೆಯವರ ಊರು ಎಂದುಕೊಂಡು ನಿಲ್ಲಿಸದೆ ಹೋಗುತ್ತಿದ್ದರು. ನಾವಿಬ್ಬರೂ ಒಂದೇ ಓಣಿಯವರು, ಒಂದೇ ವರ್ಷ ಶಾಲೆಗೆ ಸೇರಿದವರು. ಅವನು ಏಳನೇ ಕ್ಲಾಸಿಗೆ ಪಾಟಿಚೀಲ ಎಸೆದು ಅಪ್ಪನ ಗಿರಣಿಗೆ ಕೂತ. ನಾನು ಓದಿ, ಟ್ರೈನಿಂಗ್ ಮುಗಿಸಿ, ಹಡಗಲಿ ತಾಲ್ಲೂಕಿನಲ್ಲಿ ಮೂರು ವರ್ಷ ಸವೆಸಿ ವರ್ಗ ಮಾಡಿಸಿಕೊಂಡು ಊರಿಗೇ ಬಂದೆ. ಬಂದು ನೋಡಿದರೆ ಊರು ಅವನದಾಗಿತ್ತು. ಗಿರಣಿಯ ಮುಂದೆ ಡಬ್ಬಿ ಇಟ್ಟು ಸರದಿ ಕಾಯುವ ಹೆಂಗಸರು ಜೋಳ ಬೀಸಿಯಾದ ಮೇಲೂ ಮನೆಗೆ ಹೋಗುತ್ತಿರಲಿಲ್ಲ. ಅವನ ಮಾತು ಕೇಳುತ್ತ ನಿಲ್ಲುತ್ತಿದ್ದರು.

ಸುಗ್ಗಿ ಮುಗಿದ ಮೇಲೆ ವರ್ಷಕ್ಕೊಮ್ಮೆ ನಮ್ಮೂರಲ್ಲಿ ಅಟ್ಟ ಕಟ್ಟಿ ಬಯಲಾಟ ಆಡುತ್ತಿದ್ದೆವು. ಆಟದಲ್ಲಿ ರಾಜ, ರಕ್ಕಸ, ರಾಣಿ ಎಲ್ಲ ಬರುವ ಮೊದಲು ಗಣಪತಿ ಬರಬೇಕು. ಗಣಪತಿ ಬಂದಾಗ ಅವನನ್ನು ಅಡ್ಡಗಟ್ಟಿ "ಯಾರಪ್ಪಾ ನೀನು" ಎಂದು ಕೇಳುವವನು ಸಾರಥಿ. ದೇವರನ್ನು ಬಾಯಿಗೆ ಬಂದಂತೆ ಆಡಿಕೊಳ್ಳಲು ಊರು ಲೈಸೆನ್ಸ್ ಕೊಟ್ಟಿದ್ದು ಅವನೊಬ್ಬನಿಗೇ. ಗಿರಣಿಯವನು ನಮ್ಮ ಮೇಳದ ಸಾರಥಿ. ನಾನು ಪರದೆಯ ಹಿಂದೆ ಪುಸ್ತಕ ಹಿಡಿದು ಮರೆತ ಮಾತು ಎತ್ತಿಕೊಡುವವನು. ಸಾರಥಿಯ ಮಾತುಗಳನ್ನು ಪ್ರತಿ ವರ್ಷ ಹೊಸದಾಗಿ ಬರೆದುಕೊಡುವವನೂ ನಾನೇ.

ಒಂದು ವರ್ಷ ಹೀಗೆ ಬರೆದಿದ್ದೆ. ಗಣಪತಿ ತಾನು ವಿಘ್ನ ತೆಗೆಯುವವನು ಅನ್ನುತ್ತಾನೆ. ಸಾರಥಿ ಅವನ ಸುತ್ತ ಒಂದು ಸುತ್ತು ಹಾಕಿ, "ಅಲ್ಲಪಾ, ನಿನಗ ಗುಡಿ ಕಟ್ಟಿಸ್ತೀವಿ ಅಂತ ಊರಾಗ ರೊಕ್ಕದ ಪಟ್ಟಿ ಎತ್ತಿದ್ರು. ಪಟ್ಟಿ ಎತ್ತಿದೋರ ಮನಿ ಎರಡಂತಸ್ತು ಎದ್ದಾವ. ನಿನ್ನ ಗುಡಿ ಇನ್ನಾ ಬುನಾದ್ಯಾಗ ಐತಿ. ನಮ್ಮ ವಿಘ್ನ ನೀ ತಗೀತಿ, ನಿನ್ನ ವಿಘ್ನ ಯಾರು ತಗೀಬೇಕೋ ನಮ್ಮಪ್ಪಾ" ಅನ್ನುತ್ತಾನೆ. ಆ ವರ್ಷ ಮುಂದಿನ ಸಾಲಿನಲ್ಲಿ ಪೂಜಾರಿ ಕೂತಿದ್ದ, ಪಕ್ಕದಲ್ಲಿ ಪಟ್ಟಿ ಎತ್ತಿದವರೂ ಕೂತಿದ್ದರು. ಪೂಜಾರಿ ತೊಡೆ ತಟ್ಟಿಕೊಂಡು ನಕ್ಕ. ಪಟ್ಟಿ ಎತ್ತಿದವರು ಪಕ್ಕದವರ ಮುಖ ನೋಡಿ ತಾವೂ ನಕ್ಕರು. ಗಣಪತಿಯ ವೇಷದಲ್ಲಿದ್ದವನು ಮಂಡಕ್ಕಿ ವ್ಯಾಪಾರಿ, ಅವನು ಸೊಂಡಿಲು ಒಂದು ಕಡೆಗೆ ಸರಿಸಿ ನಕ್ಕ. ಪರದೆಯ ಹಿಂದೆ ನಾನು ಅದೇ ಸಾಲಿನ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದೆ. ಬರೆದವನು ನಾನು, ಚಪ್ಪಾಳೆ ಅವನಿಗೆ. ನಗುವಾಗ ಯಾರೂ ಪರದೆಯ ಕಡೆ ನೋಡುವುದಿಲ್ಲ.

ನಮ್ಮ ಮೇಳದಲ್ಲಿ ಒಂದು ಪದ್ಧತಿ ಇತ್ತು. ಹಡಗಲಿ ಕಡೆಯ ಮೇಳಗಳಲ್ಲಿ ಇಲ್ಲ, ಹರಪನಹಳ್ಳಿ ಕಡೆಯವರು ಇದನ್ನು ಕೇಳಿದರೆ ನಗುತ್ತಿದ್ದರು. ಗಣಪತಿ ಅಟ್ಟದಿಂದ ಇಳಿದು ಬಣ್ಣದ ಮನೆಗೆ ಬಂದ ಕೂಡಲೇ, ಕಿರೀಟ ತೆಗೆಯುವ ಮೊದಲು, ಸಾರಥಿ ಅವನ ಕಾಲ ಬುಡದಲ್ಲಿ ಒಂದು ತೆಂಗಿನಕಾಯಿ ಒಡೆದು ಅಡ್ಡಬೀಳಬೇಕು. "ನಕ್ಕಿದ್ದು ನಿನ್ನ ಮುಂದ, ಹಿಂದಲ್ಲ. ತಪ್ಪಾತು" ಅನ್ನಬೇಕು. ಅದಕ್ಕೆ ತಪ್ಪುಗಾಯಿ ಅನ್ನುತ್ತಿದ್ದೆವು. ಹಾರ್ಮೋನಿಯಂ ನುಡಿಸುತ್ತಿದ್ದ ಪೆಟಗಿ ಅಜ್ಜನ ಅಪ್ಪನ ಕಾಲದಿಂದ ಬಂದದ್ದಂತೆ. ಪರದೆಯ ಹಿಂದಿನ ಕೆಲಸವಾದ್ದರಿಂದ ನೋಡಲು ಬಂದ ಜನಕ್ಕೆ ಅದು ಗೊತ್ತೇ ಇರಲಿಲ್ಲ. ನನಗೆ ಅದನ್ನು ನೋಡಿದರೂ ಹೊಟ್ಟೆ ಉರಿಯುತ್ತಿತ್ತು. ಮಂಡಕ್ಕಿಯವನ ಕಾಲಿಗೆ ಬಿದ್ದು ಏಳುವಾಗ ಗಿರಣಿಯವನ ಮುಖ ಹಗುರಾಗಿರುತ್ತಿತ್ತು. ಆಡಿಕೊಂಡದ್ದೂ ಅವನೇ, ಕ್ಷಮೆ ಪಡೆದದ್ದೂ ಅವನೇ, ನನಗೆ ಎರಡೂ ಇಲ್ಲ.

ನಮ್ಮೂರಿಗೆ ಕೇಬಲ್ ಬಂದು ಒಂದೆರಡು ವರ್ಷವಾಗಿತ್ತು. ಒಂದು ಕನ್ನಡ ಚಾನೆಲ್ಲಿನವರು ಹಳ್ಳಿಯ ಹಾಸ್ಯಗಾರರನ್ನು ಆರಿಸಲು ದಾವಣಗೆರೆಗೆ ಬರುತ್ತಾರೆಂದು ಸುದ್ದಿ ಬಂತು. ಗಿರಣಿಯವನು ನನ್ನ ಹತ್ತಿರ ಬಂದು, "ಮಾಸ್ತರ, ಬಾ, ಇಬ್ರೂ ಹೋಗಾಮು" ಅಂದ. ಹೋದೆವು. ಹರಪನಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ಮಿರ್ಚಿ ಮಂಡಕ್ಕಿ ತಿಂದೆವು, ನಾನೇ ಕೊಡಿಸಿದೆ. ದಾವಣಗೆರೆಯಲ್ಲಿ ಮೊದಲು ನನ್ನ ಸರದಿ ಬಂತು. ನನ್ನ ಮಾತನ್ನು ನಾನೇ ಹೇಳಿದೆ, ಒಂದಕ್ಷರ ತಪ್ಪಲಿಲ್ಲ. ಮೇಜಿನ ಹಿಂದಿದ್ದ ಹುಡುಗಿ ನಗಲಿಲ್ಲ, ಹೆಸರಿನ ಮುಂದೆ ಗೀಟು ಎಳೆದಳು. ಆಮೇಲೆ ಅವನು ಹೋಗಿ ಅದೇ ಮಾತು ಹೇಳಿದ. "ಅಲ್ಲಪಾ" ಅಂದು ನಿಂತ, ಬರೀ ನಿಂತ. ಹುಡುಗಿ ಅಷ್ಟಕ್ಕೇ ನಗಲು ಶುರು ಮಾಡಿದಳು.

ಬರುವಾಗ ಬಸ್ಸಿನಲ್ಲಿ ಅವನು, "ಮಾತು ನಿಂದು ಅಂತ ಅವ್ರಿಗಿ ಹೇಳ್ದೆ" ಅಂದ. ಹೇಳಿರಬಹುದು. ಅವನು ಸುಳ್ಳಾಡುವವನಲ್ಲ, ಅದೂ ನನಗೆ ಸೇರುತ್ತಿರಲಿಲ್ಲ.

ಬೆಂಗಳೂರಿಗೆ ಹೋಗುವಾಗ ಅವನು ಚೀಲದಲ್ಲಿ ಕೊಟ್ಟೂರು ಸಂತೆಯಲ್ಲಿ ಕೊಂಡ ಒಂದು ತೆಂಗಿನಕಾಯಿ ಇಟ್ಟುಕೊಂಡು ಹೋದ. ಗಣಪತಿಯಾಗಲು ಮಂಡಕ್ಕಿಯವನನ್ನೂ ಕರೆದುಕೊಂಡು ಹೋಗಿದ್ದ. ಎರಡು ವಾರದ ಮೇಲೆ ಭಾನುವಾರ ಸಂಜೆ ಐದು ನಿಮಿಷ ಬಂತು. ಊರಲ್ಲಿ ಟಿ.ವಿ. ಇದ್ದ ಪ್ರತಿ ಮನೆಯಲ್ಲೂ ಇಪ್ಪತ್ತು ಜನ. ಅವನು ಬಂದ, ಸುತ್ತು ಹಾಕಿದ, ನನ್ನ ಮಾತು ಹೇಳಿದ. ನನ್ನ ಹೆಂಡತಿ ನಕ್ಕದ್ದು ಆಗಲೇ. ಅಲ್ಲಿ ಕೂತ ಜನ ನಕ್ಕು ಮುಗಿಸುವ ಮೊದಲೇ ಸೋಪಿನ ಜಾಹೀರಾತು ಬಂತು. ಕಾಯಿ ಒಡೆದದ್ದು ಬರಲಿಲ್ಲ.

ಮರುದಿನ ಗಿರಣಿಗೆ ಹೋದೆ. ರೆಪ್ಪೆಯವರೆಗೂ ಹಿಟ್ಟು ಮೆತ್ತಿಕೊಂಡು ಕೂತಿದ್ದ. ಸುತ್ತ ಜನ, ಕೂಡ್ಲಿಗಿಯಿಂದಲೂ ಇಬ್ಬರು ಬಂದಿದ್ದರು. "ತಪ್ಪುಗಾಯಿ ಬಿಟ್ಟೇನಲೇ?" ಎಂದು ಕೇಳಿದೆ. ಅವನ ಮುಖ ಸಣ್ಣದಾಯಿತು. "ಒಡದೆ ಮಾಸ್ತರ. ಅಲ್ಲಿ ಪರದಿ ಇದ್ದಿಲ್ಲ, ಕ್ಯಾಮೆರಾ ಮುಂದಾ ಒಡದೆ, ಬೇಕಾದ್ರ ಮಂಡಕ್ಕಿಯವನ್ನ ಕೇಳು. ಟೈಮಿಲ್ಲ ಅಂತ ಅವ್ರು ಕತ್ತರಿಸ್ಯಾರ. ನನಗೂ ಒಂಥರಾ ಆಗೈತಿ." ಆಮೇಲೆ ದನಿ ತಗ್ಗಿಸಿ, "ಮತ್ತ ಕರದಾರ. ಪ್ರತಿ ತಿಂಗಳಾ ಬಾ ಅಂದಾರ. ನೀ ಬರದುಕೊಡಬೇಕು" ಅಂದ.

ಇಷ್ಟು ತಿಳಿದೂ ಆ ವಾರವೇ ನಾನು ಪತ್ರ ಬರೆದೆ. ಕೋಪದಲ್ಲಿ ಗೀಚಿದ್ದಲ್ಲ, ಶಾಲೆಯ ಮಧ್ಯಾಹ್ನದ ಬಿಡುವಿನಲ್ಲಿ ಮೂರು ದಿನ ಕೂತು ತಿದ್ದಿ ತೀಡಿ ಬರೆದದ್ದು. ನನ್ನ ಅಕ್ಷರ ಊರಿಗೆಲ್ಲ ಗೊತ್ತು, ಯಾರ ಅರ್ಜಿಯಾದರೂ ನಾನೇ ಬರೆಯಬೇಕು. ಅದಕ್ಕೆ ಹಗರಿಬೊಮ್ಮನಹಳ್ಳಿಗೆ ಹೋಗಿ, ಒಂದು ಟೈಪಿಂಗ್ ಅಂಗಡಿಯಲ್ಲಿ ಟೈಪ್ ಮಾಡಿಸಿ, ಅಲ್ಲೇ ಡಬ್ಬಿಗೆ ಹಾಕಿದೆ. ಕೆಳಗೆ "ನೊಂದ ಭಕ್ತ, ಹಗರಿಬೊಮ್ಮನಹಳ್ಳಿ" ಅಂತಿತ್ತು. ಗಣಪತಿಯನ್ನು ಬೀದಿಯವನಂತೆ ನಡೆಸಿಕೊಂಡಿದ್ದಾರೆ, ಗುಡಿ ಕಟ್ಟುವವರನ್ನು ಕಳ್ಳರೆಂದಿದ್ದಾರೆ, ಮಕ್ಕಳು ಇದನ್ನು ನೋಡಿ ಏನು ಕಲಿಯಬೇಕು, ಕೋಟ್ಯಂತರ ಜನರ ಭಾವನೆ ಎಂದೆಲ್ಲ ಬರೆದಿದ್ದೆ. ನನ್ನದೇ ಮಾತಿನ ಮೇಲೆ ನಾನೇ ದೂರು ಕೊಡುತ್ತಿದ್ದೇನೆ ಅನ್ನುವುದು ಗೊತ್ತಿತ್ತು. ಗೊತ್ತಿದ್ದೂ ಬರೆಯುವಾಗ ನಿಜವಾಗಿ ನೊಂದವನ ಹಾಗೆ ಕಣ್ಣು ಒದ್ದೆಯಾಯಿತು. ಹೊಟ್ಟೆಕಿಚ್ಚಿಗೆ ಭಕ್ತಿಯ ಅಂಗಿ ಅಷ್ಟು ಸರಿಯಾಗಿ ಹೊಂದುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ನನ್ನ ಪತ್ರದಿಂದ ಏನೂ ಆಗುವುದಿಲ್ಲ ಎಂದೂ ಅಂದುಕೊಂಡಿದ್ದೆ. ಅಷ್ಟು ದೊಡ್ಡ ಚಾನೆಲ್ಲು, ಒಬ್ಬ ಅನಾಮಧೇಯನ ಮಾತು ಯಾರು ಕೇಳುತ್ತಾರೆ. ಅಟ್ಟದ ಮೇಲೆ ಅಷ್ಟು ವರ್ಷ ಆಡಿಕೊಂಡರೂ ಒಬ್ಬನಾದರೂ ಎದ್ದು ಬೇಡ ಅಂದಿರಲಿಲ್ಲ. ಆದರೆ ಅಟ್ಟ ಬೇರೆ, ಟಿ.ವಿ. ಬೇರೆ ಅನ್ನುವುದನ್ನು ನಾನು ನೋಡಿರಲಿಲ್ಲ ಅನ್ನುವ ಹಾಗಿಲ್ಲ. ತೊಂಬತ್ತನೇ ಇಸವಿಯ ಹೊತ್ತಿಗೆ ಪುರಾಣದ ಧಾರಾವಾಹಿ ಬರುವಾಗ ನನ್ನ ತಾಯಿ ಟಿ.ವಿ. ಪೆಟ್ಟಿಗೆಗೆ ಊದುಬತ್ತಿ ಬೆಳಗಿ, ಚಪ್ಪಲಿ ಹೊರಗೆ ಬಿಡಿಸಿ ನಮ್ಮನ್ನು ಕೂರಿಸುತ್ತಿದ್ದಳು. ಅಟ್ಟದ ಗಣಪತಿ ನಾಳೆ ಬೆಳಗ್ಗೆ ಮಂಡಕ್ಕಿ ಅಳೆದು ಕೊಡುತ್ತಾನೆಂದು ಎಲ್ಲರಿಗೂ ಗೊತ್ತು. ಟಿ.ವಿ.ಯ ಗಣಪತಿ ಯಾರೆಂದು ಬಳ್ಳಾರಿಯಲ್ಲೋ ಮೈಸೂರಲ್ಲೋ ಕೂತು ನೋಡುವವನಿಗೆ ಏನು ಗೊತ್ತು? ಅವನಿಗೆ ಅವನು ಗಣಪತಿಯೇ.

ಒಂದು ತಿಂಗಳಾಯಿತು. ಒಂದು ಸಂಜೆ ನಾನು ಪಡಸಾಲೆಯಲ್ಲಿ ಪರೀಕ್ಷೆಯ ಪೇಪರು ತಿದ್ದುತ್ತಿದ್ದೆ. ಗಿರಣಿಯವನು ಕೈಕಾಲು ತೊಳೆದು, ಬಿಳಿ ಅಂಗಿ ಹಾಕಿಕೊಂಡು ಬಂದ. ಕೈಯಲ್ಲಿ ಚಾನೆಲ್ಲಿನ ಲಕೋಟೆ. ನನ್ನ ಹೆಂಡತಿ ಅವನಿಗೆ ಚಹಾ ತಂದಿಟ್ಟು, ಮುಂದಿನ ಸಲ ಯಾವಾಗ ಬರುತ್ತೀ ಟಿ.ವಿ.ಯಲ್ಲಿ ಎಂದು ಕೇಳಿದಳು.

"ಬರಂಗಿಲ್ಲಕ್ಕ" ಅಂದ. "ದೇವರ ಮಾತು ಬ್ಯಾಡ ಅಂದಾರ. ಬೇಕಾದ್ರ ಹೇಣ್ತಿ ಮ್ಯಾಲ ಮಾಡು, ಕುಡುಕ್ರ ಮ್ಯಾಲ ಮಾಡು, ತೊದಲು ಮಾತಾಡೋರ ಮ್ಯಾಲ ಮಾಡು ಅಂತಾರ. ನನ್ನ ಹೇಣ್ತಿ ಮುಂದ ಕುಂತು ನೋಡ್ತಾಳ, ಅಕಿನ್ನ ಹೆಂಗ ಆಡ್ಕೊಳ್ಲಿ? ಗಣಪತಿ ಆದ್ರ ತಿಳ್ಕಂತಾನ."

ನನ್ನ ಹೆಂಡತಿ ನಕ್ಕು ಒಳಗೆ ಹೋದಳು. ಅವನು ಲಕೋಟೆ ಬಿಚ್ಚಿದ. ಒಳಗೆ ಎರಡು ಹಾಳೆ. ಒಂದರಲ್ಲಿ ಚಾನೆಲ್ಲಿನವರು ತಪ್ಪೊಪ್ಪಿಗೆ ಬರೆದು ಕಳಿಸಲು ಹೇಳಿದ್ದರು. ಇನ್ನೊಂದು ನನ್ನ ಪತ್ರದ ಪ್ರತಿ. ನಾನು ಹತ್ತಾರು ಪತ್ರ ಹೋಗಿರಬೇಕು ಅಂದುಕೊಳ್ಳುತ್ತಿದ್ದೆ. ಹಾಗೆ ಅಂದುಕೊಂಡರೆ ಸಮಾಧಾನವಿತ್ತು. "ಎಷ್ಟು ಪತ್ರ ಬಂದಾವಂತ?" ಎಂದು ಕೇಳಿದೆ.

"ಒಂದಾ" ಅಂದ.

ಆಮೇಲೆ ಅವನು ಆ ಪತ್ರವನ್ನು ಓದಲು ಶುರು ಮಾಡಿದ. ಏಳನೇ ಕ್ಲಾಸಿನ ಓದು, ಸಾಲಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದುತ್ತಾನೆ. ಕೋಟ್ಯಂತರ ಜನರ ಭಾವನೆ ದಾಟಿದ. ಮಕ್ಕಳು ಏನು ಕಲಿಯಬೇಕು ದಾಟಿದ. "ಇಷ್ಟೆಲ್ಲ ನಿಂದಿಸಿದ ಮೇಲೆ ಕನಿಷ್ಠ ಒಂದು ತಪ್ಪುಗಾಯಿಯನ್ನೂ ಒಡೆಯದೆ" ಅನ್ನುವಲ್ಲಿ ಬೆರಳು ನಿಂತಿತು.

ನಾನು ಪೇಪರು ತಿದ್ದುತ್ತಲೇ ಇದ್ದೆ. ಸರಿ ಉತ್ತರಕ್ಕೆ ತಪ್ಪು ಹಾಕಿದ್ದು ಆಮೇಲೆ ಕಂಡಿತು. ಮೂರು ದಿನ ತಿದ್ದಿದ ಪತ್ರದಲ್ಲಿ ಆ ಪದ ನನಗೆ ಕಂಡಿರಲೇ ಇಲ್ಲ. ಪ್ರತಿ ವರ್ಷ ಪರದೆಯ ಹಿಂದೆ ಕೇಳಿದ ಪದ, ನಮ್ಮ ಮೇಳದಾಚೆ ಯಾರಿಗೂ ಅದು ಗೊತ್ತಿಲ್ಲ ಅನ್ನುವುದೇ ಬರೆಯುವಾಗ ಮರೆತುಹೋಗಿತ್ತು.

"ಹಗರಿಬೊಮ್ನಳ್ಳಿಯೋರಿಗಿ ತಪ್ಪುಗಾಯಿ ಹೆಂಗ ಗೊತ್ತಾತು ಮಾಸ್ತರ?" ಎಂದು ಕೇಳಿದ.

"ಯಾರರ ಹೇಳಿರಬೇಕು" ಅಂದೆ.

ಅವನು ನನ್ನ ಮುಖ ನೋಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನಾನು ಹೆಗಲು ಮುಟ್ಟಿಕೊಳ್ಳದಿರಲು ಕೆಂಪು ಪೆನ್ನನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಮೇಳದಲ್ಲಿದ್ದವರು ಹನ್ನೆರಡು ಜನ. ಅವರಲ್ಲಿ ಭಾವನೆ, ನಿಂದನೆ, ಕನಿಷ್ಠ ಎಂದೆಲ್ಲ ಬರೆಯಬಲ್ಲವನು ಒಬ್ಬನೇ. ಅವನು ಹಾಳೆಯನ್ನು ಇದ್ದ ಮಡಿಕೆಯಲ್ಲೇ ಮಡಚಿದ. ಬೈಯುತ್ತಾನೆ, ಕೊರಳಪಟ್ಟಿ ಹಿಡಿಯುತ್ತಾನೆ ಎಂದು ಕಾದೆ. ಹಿಡಿದಿದ್ದರೆ ನನಗೆ ಬದುಕಲು ಸುಲಭವಾಗುತ್ತಿತ್ತು.

"ಉತ್ತರ ನೀನಾ ಬರಿ" ಅಂದ. "ಚಂದ ಬರಿ. ಮಂಡಕ್ಕಿಯವನ್ದು ಏನೂ ತಪ್ಪಿಲ್ಲ ಅಂತ ಬರಿ."

ಬರೆದೆ. ಇನ್ನೇನು ಮಾಡಲಿ. ಆಡಿಕೊಂಡ ಮಾತೂ ನನ್ನದು, ಅದರ ಮೇಲಿನ ದೂರೂ ನನ್ನದು, ದೂರಿಗೆ ತಪ್ಪೊಪ್ಪಿಗೆಯೂ ನನ್ನದೇ ಅಕ್ಷರದಲ್ಲಿ ಹೋಯಿತು. ಕೆಳಗೆ ಅವನು ನಿಧಾನಕ್ಕೆ ತನ್ನ ಸಹಿ ಹಾಕಿದ. ಚಹಾ ಕುಡಿಯದೆ ಎದ್ದು ಹೋದ.

ಅವನು ಊರಲ್ಲಿ ಯಾರಿಗೂ ಹೇಳಲಿಲ್ಲ. ನಾನು ವಾರಗಟ್ಟಲೆ ಜನರ ಮುಖ ನೋಡಿದೆ, ಪೆಟಗಿ ಅಜ್ಜನನ್ನು ಸುತ್ತುಬಳಸಿ ಕೇಳಿದೆ, ಯಾರಿಗೂ ಗೊತ್ತಿರಲಿಲ್ಲ. ಇದಕ್ಕೂ ನನಗೆ ಅವನ ಮೇಲೆ ಸಿಟ್ಟು ಬಂತು. ಇಂಥದ್ದೊಂದು ಗುಟ್ಟು ನನ್ನ ಕೈಗೆ ಸಿಕ್ಕಿದ್ದರೆ ನಾನು ಒಂದು ಮಧ್ಯಾಹ್ನ ಕೂಡ ಇಟ್ಟುಕೊಳ್ಳುತ್ತಿರಲಿಲ್ಲ. ಊರಿಗೆ ತಿಳಿದದ್ದು ಇಷ್ಟೇ: ದೇವರನ್ನು ಆಡಿಕೊಂಡದ್ದಕ್ಕೆ ಟಿ.ವಿ.ಯವರು ಬೇಡ ಅಂದರಂತೆ. ಅಲ್ಲಿಯವರೆಗೆ ನಮ್ಮೂರಲ್ಲಿ ಯಾರಿಗೂ ಅದು ದೇವರ ನಿಂದನೆ ಅನ್ನಿಸಿರಲಿಲ್ಲ. ಟಿ.ವಿ.ಯವರೇ ಬೇಡ ಅಂದರೆ ಏನೋ ಇರಬೇಕು ಎಂದು ಜನ ಮಾತಾಡಿಕೊಂಡರು.

ಮುಂದಿನ ಸುಗ್ಗಿಗೆ ಆಟದ ತಾಲೀಮು ಶುರುವಾಯಿತು. ಖರ್ಚು ನೋಡಿಕೊಳ್ಳಲು ಹೊಸ ಹುಡುಗರ ಕಮಿಟಿಯಾಗಿತ್ತು. ಅವರು ಮೊದಲ ದಿನವೇ ಬಂದು, "ಅಜ್ಜಾರ, ಸಾರಥಿ ಮಾತು ಈ ಸಲ ನಮಗ ಮೊದ್ಲಾ ತೋರಿಸ್ರಿ" ಅಂದರು. ಪೆಟಗಿ ಅಜ್ಜ ಹಾರ್ಮೋನಿಯಂ ಮುಚ್ಚಿ, "ನಮ್ಮಪ್ಪನ ಕಾಲಕ್ಕ ಗಣಪತಿಗಾ ತೋರಿಸ್ತಿದ್ದಿಲ್ಲ, ನಿಮಗ್ಯಾಕ ತೋರಿಸ್ಬೇಕು" ಅಂದ. ಯಾರೂ ನಗಲಿಲ್ಲ.

ಗಿರಣಿಯವನು ಗೋಡೆಗೆ ಒರಗಿ ಕೂತಿದ್ದ. "ಈ ವರ್ಷ ನಾ ಒಲ್ಲೆ" ಅಂದ. "ಮಾಸ್ತರ ಸಾರಥಿ ಆಗ್ಲಿ. ಮಾತು ಅವಂದಾ. ಪದ್ಧತಿನೂ ನಮಗಿಂತ ಅವನಿಗಿ ಚಲೋ ಗೊತ್ತೈತಿ."

ಎಲ್ಲರೂ ನನ್ನ ಕಡೆ ತಿರುಗಿದರು. ಹದಿನಾಲ್ಕು ವರ್ಷ ಪರದೆಯ ಹಿಂದೆ ನಿಂತು ಬಯಸಿದ್ದನ್ನು ಅವನು ಎದ್ದೂ ನಿಲ್ಲದೆ ಕೊಟ್ಟುಬಿಟ್ಟಿದ್ದ. ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ನಾಚಿಕೆಗಿಂತ ಆಸೆ ದೊಡ್ಡದಿತ್ತು, ಹ್ಞೂಂ ಅಂದೆ.

ನಾನು ಆರು ಹಾಳೆ ಬರೆದು ಕಮಿಟಿಗೆ ಕೊಟ್ಟೆ. ಗಣಪತಿಯ ಹೊಟ್ಟೆಯ ಮಾತು ಹೊಡೆದು ಹಾಕಿದರು. ಇಲಿಯ ಮಾತು ಹೊಡೆದು ಹಾಕಿದರು. ಗುಡಿಯ ಪಟ್ಟಿಯ ಮಾತಿಗೆ, "ಸರ, ಇದನ್ನ ಟಿ.ವಿ.ಯಾಗ ಬ್ಯಾಡ ಅಂದದ್ದಲ್ರಿ?" ಅಂದರು. ಅವರಲ್ಲಿ ಇಬ್ಬರು ನನ್ನ ಕೈಯಲ್ಲೇ ಅ ಆ ಕಲಿತವರು. ನಿಮ್ಮಪ್ಪಂದಿರು ಇದಕ್ಕೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು ಕಣ್ರೋ ಎನ್ನಬೇಕೆನ್ನಿಸಿತು. ಅದನ್ನು ಕೆಟ್ಟ ಮಾತೆಂದು ಮೂರು ದಿನ ಕೂತು ಸಾಧಿಸಿದವನು ನಾನೇ, ಯಾವ ಬಾಯಿಂದ ಹೇಳಲಿ. ಕೊನೆಗೆ ಉಳಿದದ್ದು ಬಸ್ಸಿನ ಮೇಲಿನ ಎರಡು ಮಾತು ಮಾತ್ರ.

ಆಟದ ದಿನ ಸಂಜೆ ದೀಪ ಹಾಕುತ್ತಿದ್ದಂತೆ ಜನ ಸೇರಿದರು. ನನ್ನ ಹೆಂಡತಿ ಹೊಸ ಸೀರೆ ಉಟ್ಟು ಎರಡನೇ ಸಾಲಿನಲ್ಲಿ ಕೂತಿದ್ದಳು. ಗಣಪತಿ ಬಂದ. ಬರುತ್ತಿದ್ದಂತೆ ಮುಂದಿನ ಸಾಲಿನವರು ಕೈ ಮುಗಿದರು, ಅವರನ್ನು ನೋಡಿ ಹಿಂದಿನವರೂ ಮುಗಿದರು. ಹಿಂದೆಂದೂ ಹೀಗೆ ಮುಗಿದವರಲ್ಲ. ಮಂಡಕ್ಕಿಯವನೂ ಏನು ಮಾಡಬೇಕೆಂದು ತಿಳಿಯದೆ ಕೈ ಎತ್ತಿ ಆಶೀರ್ವಾದ ಮಾಡುತ್ತ ನಿಂತ.

"ತಾವು ಯಾರು, ಯಾವ ಲೋಕದಿಂದ ಬಂದ್ರಿ?" ಎಂದು ಕೇಳಿದೆ. ಮೊದಲ ಸಲ ಗಣಪತಿಗೆ ತಾವು ಅಂದ ಸಾರಥಿ ನಾನು. ವಿಘ್ನ ತೆಗೆಯಲು ಬಂದೆ ಅಂದ. "ಹಂಗಾರ ಮೊದ್ಲು ನಮ್ಮೂರಾಗ ಬಸ್ಸು ನಿಲ್ಸ್ರೆಪ್ಪಾ, ತಾವು ಹೋಗಾಕರ ಆಕ್ಕೈತಿ" ಅಂದೆ.

ಯಾರೂ ನಗಲಿಲ್ಲ. ನಗಬಹುದೋ ಬಾರದೋ ಎಂದು ಜನ ಕಮಿಟಿಯ ಹುಡುಗರ ಮುಖ ನೋಡಿದರು. ನನ್ನ ಹೆಂಡತಿ ತಲೆ ತಗ್ಗಿಸಿ ಸೆರಗಿನ ಅಂಚು ನೋಡುತ್ತಿದ್ದಳು. ಅಷ್ಟು ಜನ ಒಟ್ಟಿಗೆ ಸುಮ್ಮನಿರುವುದನ್ನು ನಾನು ಅಟ್ಟದ ಮೇಲಿನಿಂದ ಮೊದಲ ಸಲ ನೋಡಿದೆ. ಇದಕ್ಕಾಗಿಯೇ ನಾನು ಇಷ್ಟು ವರ್ಷ ಉರಿದುಕೊಂಡದ್ದು ಅನ್ನಿಸಿತು.

ಆಗ ಹಿಂದಿನ ಸಾಲಿನಿಂದ ಒಂದು ನಗು ಬಂತು. ಗಿರಣಿಯವನದು. ಅಣಕದ ನಗುವಲ್ಲ. ಒಳ್ಳೆಯ ಮಾತು ಕೇಳಿದವನ ಹಾಗೆ ಗಟ್ಟಿಯಾಗಿ, ಪಕ್ಕದವರ ಭುಜ ತಟ್ಟಿ, ನೀವೂ ನಗ್ರೋ ಅನ್ನುವ ಹಾಗೆ ನಕ್ಕ. ಯಾರೂ ಸೇರಲಿಲ್ಲ. ಕೆಲವರು ತಿರುಗಿ ಅವನನ್ನೇ ದುರುಗುಟ್ಟಿ ನೋಡಿದರು. ಆದರೂ ನನ್ನ ಎರಡನೇ ಮಾತಿಗೂ ಅವನು ಅಷ್ಟೇ ಗಟ್ಟಿಯಾಗಿ, ಒಬ್ಬನೇ ನಕ್ಕ.

ನಗಿಸಿದಾಗ ಅವನ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ. ಆ ಸಂಜೆ ಅವನು ನಕ್ಕದ್ದಕ್ಕೆ ಪಟ್ಟಷ್ಟು ಎಂದೂ ಪಟ್ಟಿರಲಿಲ್ಲ. ಅವನ ಜಾಗದಲ್ಲಿ ನಾನು ಕೂತಿದ್ದರೆ ತುಟಿ ಬಿಚ್ಚುತ್ತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು.